ಚಪ್ಪಲಿ ಬಿಟ್ಟು ಬರುವ ಶೆಡ್ಡು

ತನ್ನ ಹಳೇ ಬೈಕನ್ನು ಕೈಯಾರೆ ರಿಪೇರಿ ಮಾಡಬೇಕೆಂದು ಪಂಪಣ್ಣ ಮನೆ ಪಕ್ಕದಲ್ಲೇ ಶೆಡ್ಡು ಕಟ್ಟಿಸಿದ. ನೆಲಕ್ಕೆ ಬಿಳೀ ಟೈಲ್ಸ್ ಹಾಕಿಸಿದ, ಗೋಡೆಗೆ ಹೊಸ ಸ್ಪ್ಯಾನರುಗಳನ್ನು ಸಾಲಾಗಿ ತೂಗುಹಾಕಿದ. ಆಮೇಲೆ ದಿನಾ ದೇವರಮನೆಗೆ ಹೋಗುವವನ ಹಾಗೆ ಚಪ್ಪಲಿ ಹೊರಗೆ ಬಿಟ್ಟು ಬರುವುದು, ಸ್ಪ್ಯಾನರುಗಳ ಧೂಳು ಒರೆಸಿ ಹೋಗುವುದು, ಇಷ್ಟೇ ಆಯಿತು. ನೆಲಕ್ಕಂತೂ ಕೋಡು ಮೂಡಿತು.

ಒಂದು ದಿನ ಬೈಕು ಹೇಳಿತು: “ನೆಲದಮ್ಮಾ, ಇನ್ನು ತಡೆಯಲಾರೆ. ಎಂಜಿನ್ನಿನ ಆಯಿಲ್ ತೊಟ್ಟಿಕ್ಕುವ ಹಾಗಿದೆ.”

“ಖಬರ್ದಾರ್! ನನ್ನ ಮೇಲೆ ಕಲೆ ಬಿದ್ದರೆ ಯಜಮಾನ ನಿನ್ನನ್ನು ಗುಜರಿಗೆ ಹಾಕುತ್ತಾನೆ.”

“ಹೀಗೇ ನಿಂತಿದ್ದರೂ ನನಗೆ ಗುಜರಿಯೇ ಗತಿ,” ಎಂದು ಬೈಕು ಒಂದು ತೊಟ್ಟು ಬಿಟ್ಟೇಬಿಟ್ಟಿತು.

ಪಂಪಣ್ಣ ಬಂದವನು ಕಲೆ ನೋಡಿ ಹೌಹಾರಿದ. ಒರೆಸಲು ಮೊಣಕಾಲೂರಿ ಕೂತು ಬಗ್ಗಿದರೆ, ಎಂಜಿನ್ನಿನ ಅಡಿಯಲ್ಲಿ ಸಡಿಲವಾದ ಬೋಲ್ಟು ಕಂಡಿತು. ಒರೆಸುವ ಬಟ್ಟೆ ಬದಿಗಿಟ್ಟು ಸ್ಪ್ಯಾನರಿಗೆ ಕೈ ಹಾಕಿದ. ಅದನ್ನು ಬಿಗಿಯುವಷ್ಟರಲ್ಲಿ ಇನ್ನೊಂದು ಕೆಲಸ ಕಂಡಿತು. ಸಂಜೆಯ ಹೊತ್ತಿಗೆ ಟೈಲ್ಸ್ ತುಂಬ ಗ್ರೀಸು, ಮಸಿ. ಯಜಮಾನ ಸಿಳ್ಳೆ ಹಾಕುವುದನ್ನು ನೆಲ ಕೇಳಿದ್ದು ಅಂದೇ ಮೊದಲು.

ಮರುದಿನ ಪಂಪಣ್ಣ ಚಪ್ಪಲಿ ಹಾಕಿಕೊಂಡೇ ದಡದಡನೆ ಒಳಗೆ ಬಂದ. ನೆಲ ಮುನಿಯಲಿಲ್ಲ.

“ಬೈಕಣ್ಣಾ,” ಎಂದಿತು ಮೆಲ್ಲಗೆ, “ಇನ್ನೆಲ್ಲಾದರೂ ಸೋರುವ ಹಾಗಿದ್ದರೆ ಸಂಕೋಚ ಬೇಡ, ಬಿಡು.”