ಗುಮಾನಿ ಹೊಂಡ

ಈ ಕತೆ ನಡೆದದ್ದು ಪಾಳೆಯಗಾರರ ಆಳ್ವಿಕೆಯ ಕೊನೆಗಾಲದಲ್ಲಿ, ಒಂದು ಕಡುಬೇಸಿಗೆಯಲ್ಲಿ. ಕವಳೆಗುಡ್ಡದ ಕೋಟೆಯ ಎರಡನೇ ಬಾಗಿಲು ದಾಟಿದರೆ ಎಡಕ್ಕೆ ಒಂದು ಚೌಕ ಹೊಂಡವಿದೆ. ಸುತ್ತ ಕಲ್ಲಿನ ಕಟ್ಟೆ, ನೆರಳಿಲ್ಲ. ನೀರು ದಟ್ಟ ಹಸಿರು. ಊರಿನವರು ಇದನ್ನು ಗುಮಾನಿ ಹೊಂಡ ಎನ್ನುತ್ತಾರೆ.

ಹಿಂದೆ ಒಮ್ಮೆ ಇದರ ನೀರು ತಳ ಕಾಣುವಷ್ಟು ತಿಳಿಯಾಗಿತ್ತಂತೆ. ಕರಾವಳಿಯ ವರ್ತಕನೊಬ್ಬ ಕಾಣಿಕೆ ಕೊಟ್ಟ ಹನ್ನೆರಡು ಹೊಂಬಣ್ಣದ ಮೀನುಗಳನ್ನು ಪಾಳೆಯಗಾರ ಇದರಲ್ಲಿ ಬಿಡಿಸಿದ್ದ. ಅವನ್ನು ನೋಡಿಕೊಳ್ಳುತ್ತಿದ್ದವಳು ಬೆಸ್ತರ ದುರುಗವ್ವ. ಪ್ರತಿ ಹುಣ್ಣಿಮೆಯ ಬೆಳಿಗ್ಗೆ ಮೀನು ಎಣಿಸಿ ಚಾವಡಿಯಲ್ಲಿ ಹೇಳುವುದು ಅವಳ ಕೆಲಸ. ಆ ಬೇಸಿಗೆಯಲ್ಲಿ, ಉಪ್ಪರಿಗೆಯಿಂದಲೇ ಮೀನು ಕಾಣಲೆಂದು ಪಾಳೆಯಗಾರ ಕಟ್ಟೆಯ ಮೇಲಿನ ಹೊಂಗೆಮರ ಕಡಿಸಿದ. ಬಿಸಿಲು ನೇರವಾಗಿ ನೀರಿಗೆ ಬಿತ್ತು. ತಿಂಗಳೊಳಗೆ ನೀರು ಹಸಿರಾಗಿ ಮೀನು ಮರೆಯಾದವು.

ಹುಣ್ಣಿಮೆಗೆ ದುರುಗವ್ವ ಚಾವಡಿಗೆ ಬಂದಳು. ಕೋಟೆಯ ಪಾರುಪತ್ಯಗಾರ ಎಷ್ಟೆಂದು ಕೇಳಿದ.

“ಗೊತ್ತಿಲ್ಲ ಬುದ್ಧೀ. ಕಾಣಲಿಲ್ಲ.”

“ಹೋದ ತಿಂಗಳಿನಷ್ಟೇ ಇವೆ ಅಂದುಬಿಡೇ, ನಿನ್ನ ಗಂಟೇನು ಹೋಗುತ್ತೆ?”

“ಕಾಣದ್ದನ್ನ ಎಣಿಸಾಕೆ ನಾನೇನು ಕಣಿ ಹೇಳೋಳಾ?”

ಪಾಳೆಯಗಾರನ ಕಿವಿಗೆ ಬಿದ್ದ ಈ ಮಾತೇ ಅವನಲ್ಲಿ ಗುಮಾನಿ ಹುಟ್ಟಿಸಿತು. ಮೀನು ಕದ್ದವಳೇ ಸೊಪ್ಪು ಅರೆದು ನೀರಿಗೆ ಕಲಸಿರಬೇಕು ಎಂದುಕೊಂಡ. ಒಂದು ಮೀನು ಕಡಿಮೆಯಾದರೂ ಅವಳಿಗೆ ಕೋಟೆಯಲ್ಲಿ ಜಾಗವಿಲ್ಲವೆಂದು ಸಾರಿಸಿ, ಮೂರು ದಿನ ನೀರೆತ್ತಿಸಿದ. ಕೊಪ್ಪರಿಗೆಗೆ ಹಾಕಿದ ಮೀನನ್ನು ತಾನೇ ಎಣಿಸಿದ. ದೊಡ್ಡವು ಹನ್ನೆರಡೂ ಇದ್ದವು. ಜೊತೆಗೆ ಬೆರಳುದ್ದದ ಕಂದು ಮರಿಗಳು ಹತ್ತೊಂಬತ್ತು. ಹೊಂಬಣ್ಣದ ಮೀನಿಗೆ ಕಂದು ಮರಿ ಹೇಗೆ? ಇದು ಮಾಟವೇ ಎಂದ ಪಾಳೆಯಗಾರ. ಆ ಮೀನಿನ ಮರಿ ಮೊದಲು ಕಂದಾಗಿದ್ದು, ಬೆಳೆದಂತೆ ಹೊಂಬಣ್ಣಕ್ಕೆ ತಿರುಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

“ಕಮ್ಮಿಯಾದ್ರೆ ಕಳ್ಳಿ, ಹೆಚ್ಚಾದ್ರೆ ಮಾಟಗಾತಿ. ನಾನು ಉಳಿಯಾದು ಹೆಂಗೆ ಬುದ್ಧೀ?” ಎಂದಳಂತೆ ದುರುಗವ್ವ. ಅಂದೇ ಅವಳನ್ನು ಕೋಟೆಯಿಂದ ಹೊರಗೆ ಕಳಿಸಿದರು.

ಹೊಂಡವನ್ನು ತಿಕ್ಕಿ ತೊಳೆದು ಬಾವಿಯ ತಿಳಿನೀರು ತುಂಬಿಸಿ ಮೀನುಗಳನ್ನು ಮತ್ತೆ ಬಿಟ್ಟರು. ಈಗ ಮೀನು ಉಪ್ಪರಿಗೆಗೂ ಕಂಡವು, ಕೊಕ್ಕರೆಗೂ ಮಿಂಚುಳ್ಳಿಗೂ ಕಂಡವು. ದಿನದಿನಕ್ಕೆ ಕಡಿಮೆಯಾದವು. ಪಾಳೆಯಗಾರ ಮೊದಲು ಕಾವಲುಗಾರನ ಮೇಲೆ, ಆಮೇಲೆ ಪಾರುಪತ್ಯಗಾರನ ಮೇಲೆ ಗುಮಾನಿಪಟ್ಟ. ಒಬ್ಬರ ಮೇಲೊಬ್ಬರನ್ನು ಕಾವಲಿಟ್ಟ. ಹಕ್ಕಿಗಳ ಮೇಲೆ ಗುಮಾನಿ ಬರಲಿಲ್ಲ. ಮುಂದಿನ ಹುಣ್ಣಿಮೆಗೆ ಹೊಂಡದಲ್ಲಿ ಒಂದು ಮೀನೂ ಇಲ್ಲ. ದುರುಗವ್ವನನ್ನು ಕರೆತರಲು ಆಳು ಕಳಿಸಿದರೂ ಅವಳು ಬರಲಿಲ್ಲ. ಮತ್ತೆ ಪಾಚಿ ಕಟ್ಟಿದ ನೀರನ್ನು ಯಾರೂ ಎತ್ತಿಸಲಿಲ್ಲ ಎನ್ನುತ್ತಾರೆ.

ಕೋಟೆ ತೋರಿಸುವವರು ಇಂದಿಗೂ ಒಳಗೆ ಹೊಂಬಣ್ಣದ ಮೀನಿದೆ ಎಂದು ಆಣೆ ಮಾಡುತ್ತಾರೆ. ಬಂದವರು ಕಟ್ಟೆಯಿಂದ ಬಗ್ಗಿ ನೋಡುತ್ತಾರೆ. ನೀರೊಳಗೆ ಎಷ್ಟು ಆಳದವರೆಗೆ ಕಾಣುತ್ತದೆಂದು ತಿಳಿಯಲು ಬಿಳಿ ತಟ್ಟೆಯೊಂದಕ್ಕೆ ದಾರ ಕಟ್ಟಿ ಇಳಿಬಿಟ್ಟರೆ ಅದು ಕಣ್ಣಿಗೆ ಮರೆಯಾಗುವುದು ಒಂಬತ್ತು ಅಂಗುಲಕ್ಕೆ.