ದೂಳು ನುಂಗಿದ ಫಿಲ್ಟರು

ತಿಪ್ಪೇಸ್ವಾಮಿಯ ಹಳೇ ಕಾರು ಏರು ಹತ್ತುವಾಗ ಏದುಸಿರು ಬಿಡತೊಡಗಿತು. ಅವನು ಮನೆ ಮುಂದೆಯೇ ನಿಲ್ಲಿಸಿಕೊಂಡು ಪ್ಲಗ್ ಉಜ್ಜಿದ, ಆಯಿಲ್ ಬದಲಿಸಿದ. ಕಾರು ಚುರುಕಾಗಲಿಲ್ಲ.

ಆಗ ಎಂಜಿನ್ನು ಪಕ್ಕದ ಡಬ್ಬಿಯೊಳಗಿದ್ದ ಏರ್ ಫಿಲ್ಟರನ್ನು ಕೇಳಿತು: "ಅಯ್ಯಾ, ನನಗೆ ಗಾಳಿ ಸಾಲುತ್ತಿಲ್ಲ. ನಿನ್ನಿಂದ ಏನಾದರೂ ತಡೆಯಾಗಿದೆಯೇ?"

"ನನ್ನನ್ನೇ ಅನುಮಾನಿಸುತ್ತೀಯಾ?" ಎಂದಿತು ಫಿಲ್ಟರು. "ಎಂಟು ವರ್ಷದಲ್ಲಿ ಒಂದು ಕಣ ದೂಳನ್ನಾದರೂ ನಿನ್ನ ಹತ್ತಿರ ಬಿಟ್ಟಿದ್ದೇನೆಯೇ? ಅಷ್ಟನ್ನೂ ನಾನೇ ನುಂಗಿದ್ದೇನೆ. ಪ್ರತಿ ಆಯುಧಪೂಜೆಗೂ ಬಾನೆಟ್ಟಿನ ಮೇಲೆ ಕುಂಕುಮ, ಹೂವು. ನಾನಿರುವ ಡಬ್ಬಿಯನ್ನು ಒಬ್ಬರೂ ತೆರೆದು ನೋಡಲಿಲ್ಲ. ನನಗಿರುವುದು ನೀನೊಬ್ಬನೇ."

"ಹಾಗಾದರೆ ಡಬ್ಬಿಯನ್ನು ಸ್ವಲ್ಪ ಅಲುಗಿಸು. ಸದ್ದು ಕೇಳಿದರೆ ಅವನು ತೆರೆದು ದೂಳು ಕೊಡವುತ್ತಾನೆ."

"ತೆರೆದರೆ ನಮ್ಮನ್ನು ಅಗಲಿಸುತ್ತಾನೆ," ಎಂದು ಫಿಲ್ಟರು ಅಲುಗದೆ ಕೂತಿತು.

ಮರುದಿನ ಏರಿನಲ್ಲಿ ಕಾರು ನಿಂತೇಹೋಯಿತು. ಅದನ್ನು ತಳ್ಳಿಸಿಕೊಂಡು ಮನೆಗೆ ತಂದ ತಿಪ್ಪೇಸ್ವಾಮಿ ಕೊನೆಗೆ ಆ ಡಬ್ಬಿ ತೆರೆದ. ಫಿಲ್ಟರನ್ನು ಬಿಸಿಲಿಗೆ ಹಿಡಿದು ನೋಡಿದರೆ ಆಚೆಯಿಂದ ಒಂದಿಷ್ಟೂ ಬೆಳಕು ಬರಲಿಲ್ಲ. "ಪಾಪ, ಇದು ಕೊಡವಿದರೆ ಹೋಗುವ ದೂಳಲ್ಲ," ಎಂದು ಅದನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟ. ಹೊಸದನ್ನು ತಂದು ಹಾಕಿ ಕಾರು ಹೊರಡಿಸಿದ.

ಎಂಜಿನ್ನು ತುಂಬು ಉಸಿರೆಳೆದು ಏರು ಹತ್ತಿತು. ಎಂಟು ವರ್ಷ ಅದರ ಮಗ್ಗುಲಲ್ಲೇ ಇದ್ದ ಫಿಲ್ಟರು, ಅದು ಹೀಗೂ ಉಸಿರಾಡಬಲ್ಲದು ಎಂಬುದನ್ನು ಮರೆತೇಬಿಟ್ಟಿತ್ತು. ಸದ್ದು ದೂರವಾಗುವವರೆಗೂ ಗೋಡೆಯ ಮೇಲೆ ಕೂತು ಕೇಳಿಸಿಕೊಂಡಿತು.

ಆಮೇಲೆ ಗಾಳಿ ಬೀಸಿತು. ಆ ಗಾಳಿಗಾಗಿ ಕಾಯುವವರು ಫಿಲ್ಟರಿನ ಆಚೆ ಬದಿಯಲ್ಲಿ ಈಗ ಯಾರೂ ಇರಲಿಲ್ಲ.