ಮೆಟ್ಟಿಲಾದವರು ಎದ್ದು ನಡೆದರು

"ಕೇಳ್ರಪ್ಪೋ ಕೇಳ್ರಿ! ಅರಸನ ಮಗಳು ಚಂದ್ರಲಾದೇವಿ ಮೂರು ಒಗಟು ಹೇಳ್ತಾಳ. ಬಿಡಿಸಿದವರಿಗೆ ಕೇಳಿದ್ದು ಸಿಗತೈತಿ. ತಪ್ಪಿದವರು ಸಾಲಿಗುಡ್ಡದಾಗ ಕಲ್ಲಿನ ಮೆಟ್ಟಿಲಾಗಿ ಬೀಳತಾರ!"

ಡಂಗುರ ಸಾರಿದ್ದೇ ತಡ, ಮೀಸೆ ಹುರಿ ಮಾಡಿಕೊಂಡು ರಾಜಕುಮಾರರು ಬಂದರು. ತಲೆ ಗಟ್ಟಿಯಿದೆಯೆಂದು ಬಂಡೆಗೆ ಹಾಯ್ದರೆ ಆಗುವುದೇ ಆಯಿತು. ಒಬ್ಬೊಬ್ಬ ಕಲ್ಲಾದಾಗಲೂ ಗುಡ್ಡ ನಿದ್ದೆಯಲ್ಲಿ ಉಸಿರೆಳೆದ ಹಾಗೆ ಒಂದು ಮೆಟ್ಟಿಲಷ್ಟು ಉಬ್ಬುತ್ತಿತ್ತು. ಗುಡ್ಡದ ತುದಿಯಲ್ಲಿದ್ದ ಶಾಲೆ, ಊರವರ ಬಾಯಲ್ಲಿ 'ಸಾಲಿ', ಮೆಲ್ಲಗೆ ಮೋಡದೊಳಗೆ ಸೇರುತ್ತಿತ್ತು.

ಗುಡ್ಡದ ಬುಡದ ಗುಡಿಸಲಲ್ಲಿದ್ದ ನೀಲವ್ವನಿಗೆ ಅದೇ ಸಂಕಟ. ಆ ಹುಡುಗಿಯ ಕಾಲುಗಳು ಹುಟ್ಟಿದಾಗಿನಿಂದ ಮಲಗಿಯೇ ಇದ್ದವು. ಶಾಲೆಗೊಂದು ಕಟ್ಟಳೆಯಿತ್ತು: ಸ್ವಂತ ಕಾಲಲ್ಲಿ ಹತ್ತಿ ಬಂದ ಮಗುವಿನ ಬೆರಳನ್ನಷ್ಟೇ ಗುರು ಹಿಡಿದು ಮರಳಲ್ಲಿ ಅಕ್ಷರ ಬರೆಸುತ್ತಾನೆ. ಬುಟ್ಟಿ ಹೆಣೆದು ಅವಳನ್ನು ಸಾಕುತ್ತಿದ್ದ ಅಣ್ಣ ಮಲಕಪ್ಪ ಒಮ್ಮೆ ಹೊತ್ತುಕೊಂಡು ಹೋದಾಗ ಗುರು ಬಾಗಿಲಿಂದಲೇ ತಿರುಗಿಸಿದ್ದ. ಅಂದಿನಿಂದ ಅವಳು ಗುಡಿಸಲ ಮುಂದೆ ಕೂತು, ಮೇಲಿಂದ ತೇಲಿ ಬರುವ ಕಾಗುಣಿತ ಕೇಳುತ್ತಿದ್ದಳು. ಈಗ ಅದೂ ಕ್ಷೀಣಿಸುತ್ತಿತ್ತು.

"ಯಣ್ಣಾ, ಇನ್ನೊಬ್ಬ ಕಲ್ಲಾದ್ರ ಆ ದನಿನೂ ಕೇಳ್ಸಂಗಿಲ್ಲ. ನನ್ನ ಅರಮನಿಗೆ ಹೊತ್ಕೊಂಡು ನಡಿ."

"ಹುಚ್ಚಿ, ನೀನೇ ಕಲ್ಲಾದ್ರ ನಾ ಯಾರನ್ನ ಹೊರಲಿ?" ಎಂದ ಮಲಕಪ್ಪ. ಆದರೂ ಅವಳನ್ನು ಬುಟ್ಟಿಯಲ್ಲಿ ಕೂರಿಸಿ ಹೊತ್ತ.

ಸಭೆಯಲ್ಲಿ ಪಲ್ಲಕ್ಕಿಯ ಮೇಲೆ ಕೂತೇ ರಾಜಕುಮಾರಿ ಕೇಳಿದಳು: "ಬಾಗಿಲು ತೆರೆದೇ ಇದೆ. ಕಾವಲಿಲ್ಲ, ಬೀಗವಿಲ್ಲ. ಆದರೂ ಒಳಗೆ ಬಿಡದೆ ತಡೆಯುವುದು ಯಾವುದು?"

ಮುಂದಿದ್ದ ಯುವರಾಜ "ಸಂಸಾರದ ಮೋಹ" ಎಂದು ಕಣ್ಣು ಮುಚ್ಚಿದ. ಮರುಕ್ಷಣ ಅವನ ಜಾಗ ಖಾಲಿ, ದೂರದಲ್ಲಿ ಗುಡ್ಡ ಉಬ್ಬಿತು.

ಅಣ್ಣ ನೆಲಕ್ಕಿಳಿಸಿದ ಬುಟ್ಟಿಯೊಳಗಿಂದ ನೀಲವ್ವ, "ಮೆಟ್ಟಿಲು" ಎಂದಳು. "ಸಾಲಿ ಬಾಗಿಲು ತೆರದೈತ್ರಿ. ಮೆಟ್ಟಿಲೇ ನನ್ನ ಬಿಡವಲ್ದು."

"ಎಷ್ಟು ಕದ್ದರೂ ಕಡಿಮೆಯಾಗದ್ದು ಯಾವುದು?"

"ಅಕ್ಷರ. ದಿನಾ ಗುಡ್ಡದ ಕೆಳಗ ಕೂತು ಕದೀತೀನ್ರಿ. ಮ್ಯಾಲಿನ ಹುಡುಗರಿಗೆ ಒಂದೂ ಕಡಿಮಿ ಆಗಿಲ್ಲ."

ಮೂರನೆಯದಕ್ಕೆ ರಾಜಕುಮಾರಿಯ ದನಿ ತಗ್ಗಿತು. "ಇಬ್ಬರು ಹೆಣ್ಣುಮಕ್ಕಳು. ಇಬ್ಬರೂ ನಡೆಯಲಾರರು. ಒಬ್ಬಳಿಗೆ ಊರು ಕೈಮುಗಿಯುತ್ತದೆ, ಇನ್ನೊಬ್ಬಳನ್ನು ಕಂಡು ಅಯ್ಯೋ ಅನ್ನುತ್ತದೆ. ಇಬ್ಬರ ನಡುವೆ ಇರುವುದೇನು?"

ಬಂದವರೆಲ್ಲ ರಾಜಕುಮಾರಿಯ ಮುಖವನ್ನೇ ನೋಡಿದ್ದರು. ನೆಲದ ಮೇಲಿದ್ದ ನೀಲವ್ವನಿಗೆ ಕಂಡದ್ದು ರೇಷ್ಮೆಯ ಅಂಚಿನ ಕೆಳಗಿನ ಪಾದಗಳು. ಅವು ತನ್ನ ಪಾದಗಳ ಹಾಗೇ ಮಲಗಿದ್ದವು.

"ಪಲ್ಲಕ್ಕಿ, ತಾಯಿ. ಅದು ಇದ್ದಾಕಿಗೆ ಗುರುಗಳು ಮನಿಗೇ ಬಂದು ಕಲಿಸ್ಯಾರ. ಇಲ್ಲದಾಕಿ ನಾನು."

ಚಂದ್ರಲಾದೇವಿ ಅತ್ತುಬಿಟ್ಟಳು. "ನನ್ನ ಕಾಲಿನ ಸಂಗತಿಯನ್ನು ಅರಮನೆ ಬಚ್ಚಿಟ್ಟಿತ್ತು. ಯಾರಾದರೂ ಬಾಯಿಬಿಟ್ಟು ಹೇಳಲಿ ಎಂದೇ ಒಗಟು ಕಟ್ಟಿದೆ. ಏನು ಬೇಕು ಕೇಳು."

"ಸಾಲಿ ಕೆಳಗ ಇಳೀಲಿ."

ಗುಡ್ಡ ದೀರ್ಘವಾಗಿ ಉಸಿರುಬಿಟ್ಟಿತು. ಮೆಟ್ಟಿಲಾಗಿದ್ದ ರಾಜಕುಮಾರರು ಒಬ್ಬೊಬ್ಬರಾಗಿ ಎದ್ದು, ಮೀಸೆಯ ಮಣ್ಣು ಕೊಡವಿಕೊಂಡು ತಮ್ಮ ತಮ್ಮ ಊರಿನ ದಾರಿ ಹಿಡಿದರು. ಒಬ್ಬೊಬ್ಬ ಎದ್ದಂತೆಲ್ಲ ಗುಡ್ಡ ಕುಗ್ಗಿತು. ಕೊನೆಗೆ ಶಾಲೆ ಗುಡಿಸಲ ಮುಂದಿನ ನೆಲಕ್ಕೇ ಬಂದು ಕೂತಿತು, ಒಳಗೆ ಗುರು ಕಕ್ಕಾಬಿಕ್ಕಿ.

ಮಲಕಪ್ಪ ತಂಗಿಯನ್ನು ಹೊತ್ತು ತಂದು ಶಾಲೆಯೊಳಗೆ ಕೂರಿಸಿದ. ಹಿಂದೆಯೇ ಬಂದ ರಾಜಕುಮಾರಿ ಪಲ್ಲಕ್ಕಿಯಿಂದ ತನ್ನನ್ನು ಇಳಿಸಿಸಿಕೊಂಡು ನೀಲವ್ವನ ಪಕ್ಕ ಮರಳ ಮೇಲೆ ಕೂತಳು. ಗುರು ಬೆರಳು ಹಿಡಿಯಲು ಬಂದಾಗ ನೀಲವ್ವ ಕೈ ಹಿಂದಕ್ಕೆಳೆದು ಹೊರಗೆ ನೋಡಿದಳು. ಮಲಕಪ್ಪ ಖಾಲಿ ಬುಟ್ಟಿ ಹಿಡಿದು ನಿಂತಿದ್ದ.

"ಯಣ್ಣಾ, ನನ್ನ ಹೊತ್ತು ಹೊತ್ತು ನಿನಗೂ ಸಾಲಿ ತಪ್ಪೇತಿ. ಬುಟ್ಟಿ ಅಲ್ಲಿಡು. ಬಾ, ಕೂತ್ಕೋ."

ಅಂದು ಎಲ್ಲರಿಗಿಂತ ಸೊಟ್ಟಗೆ 'ಅ' ಬರೆದವನು ಮಲಕಪ್ಪನೇ. ಅದನ್ನು ಅಳಿಸಲು ನೀಲವ್ವ ಗಾಳಿಗೂ ಬಿಡಲಿಲ್ಲವಂತೆ.